ಪ್ಲಾಸ್ಟಿಕ್ಕಿಗೂ ತಿಕ್ಕಾಟದ ಬೆಸುಗೆ

ಬೆಸುಗೆ ಎಂದೊಡನೆ ನಿಮಗೆ ನೆನಪಾಗುವುದು ಕಿಡಿ, ಹೊಗೆ ಮತ್ತು ಕಬ್ಬಿಣ. ಆದರೆ ಕಿಡಿಯಿಲ್ಲದೆ, ಅಂಟೂ ಇಲ್ಲದೆ ಪ್ಲಾಸ್ಟಿಕ್ ಹಲಗೆಗಳನ್ನು ಬೆಸೆಯುವ ಒಂದು ವಿಧಾನವಿದೆ. ನಿಮ್ಮ ಎರಡು ಅಂಗೈಗಳನ್ನು ಒತ್ತಿ ಉಜ್ಜಿ ನೋಡಿ, ಬಿಸಿಯಾಗುತ್ತವೆ. ಆ ತಿಕ್ಕಾಟದ ಶಾಖವೇ ಇದಕ್ಕೆ ಬಂಡವಾಳ.

ಇದರ ಹೆಸರು ಫ್ರಿಕ್ಷನ್ ಸ್ಟರ್ ವೆಲ್ಡಿಂಗ್. ‘ತಿಕ್ಕಿ ಕಲಕುವ ಬೆಸುಗೆ’ ಎನ್ನೋಣ. 1991ರಲ್ಲಿ ಇಂಗ್ಲೆಂಡಿನ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು. ಎರಡು ಹಲಗೆಗಳ ಅಂಚುಗಳನ್ನು ಕೂಡಿಸಿ ಬಿಗಿಯುತ್ತಾರೆ. ಗರಗರನೆ ತಿರುಗುವ ಉಕ್ಕಿನ ಮೊಳೆಯೊಂದನ್ನು ಸಂದಿನೊಳಗೆ ಇಳಿಸಿ ಮುಂದಕ್ಕೆ ಸಾಗಿಸುತ್ತಾರೆ. ಮೊಳೆ ಕಲಕುತ್ತದೆ, ಅದರ ಮೇಲಿನ ಅಗಲವಾದ ‘ಭುಜ’ ಒತ್ತಿ ಹಿಡಿಯುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸೆಲ್ಸಿಯಸ್ ಬೇಕು. ಈ ವಿಧಾನದಲ್ಲಿ ಅದು ಕರಗುವುದಿಲ್ಲ, ಮೆತ್ತಗಾಗಿಯೇ ಬೆಸೆದುಕೊಳ್ಳುತ್ತದೆ.

ಪಾಲಿಥೀನ್, ಪಾಲಿಪ್ರೊಪಿಲೀನ್, ನೈಲಾನ್ ಮುಂತಾದವು ಕಾಯಿಸಿದರೆ ಮೆತ್ತಗಾಗಿ, ಆರಿದರೆ ಮತ್ತೆ ಗಟ್ಟಿಯಾಗುತ್ತವೆ. ಆದ್ದರಿಂದ ಅವುಗಳಿಗೂ ಈ ಬೆಸುಗೆ ಒಗ್ಗುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಮೆತ್ತಗಾಗದ ಬೇಕಲೈಟಿಗೆ ಒಗ್ಗುವುದಿಲ್ಲ.

ಆದರೆ ಲೋಹದ ಪಾಠವನ್ನು ಪ್ಲಾಸ್ಟಿಕ್ಕಿಗೆ ಹಾಗೆಯೇ ಒಪ್ಪಿಸಲಾಗದು. ಪಾಲಿಥೀನಿನಲ್ಲಿ ಶಾಖ ಹರಿಯುವುದು ಅಲ್ಯೂಮಿನಿಯಂಗಿಂತ ನೂರಾರು ಪಟ್ಟು ನಿಧಾನ. ಹೀಗಾಗಿ ತಿರುಗುವ ಭುಜ ತನಗೆ ತಗುಲಿದ ಭಾಗವನ್ನಷ್ಟೇ ಕರಗಿಸಿ ಹೊರಗೆ ಎಸೆಯುತ್ತದೆ. ಸಂದಿನ ಜಾಗದಲ್ಲಿ ಕಾಲುವೆ ಉಳಿಯುತ್ತದೆ. ಇನ್ನೊಂದು ತೊಡಕು ಆರುವಾಗಿನದು. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ತಡವಾಗಿ ಆರಿ ಕುಗ್ಗುವಾಗ ಗುಳಿಗಳು ಬೀಳುತ್ತವೆ.

ಇದಕ್ಕೆ ಕಂಡುಕೊಂಡ ಉಪಾಯ ಸರಳ. ಮೊಳೆ ಮಾತ್ರ ತಿರುಗಲಿ, ಭುಜ ತಿರುಗದಿರಲಿ. ಅದನ್ನು ಇಸ್ತ್ರಿಪೆಟ್ಟಿಗೆಯಂತೆ ಕಾಯಿಸಿ ಮೊಳೆಯ ಹಿಂದೆಯೇ ಎಳೆದರೆ, ಕಲಕಿದ ಭಾಗ ಒತ್ತಡದಲ್ಲಿ ನಿಧಾನವಾಗಿ ಆರುತ್ತದೆ. ಎರಡೂ ಹಲಗೆಗಳ ಸರಪಳಿಯಂಥ ಉದ್ದನೆಯ ಅಣುಗಳು ಒಂದರೊಳಗೊಂದು ಹೆಣೆದುಕೊಳ್ಳಲು ಸಮಯ ಸಿಗುತ್ತದೆ. ಬೆಸುಗೆಯ ಬಲವಿರುವುದು ಈ ಹೆಣಿಗೆಯಲ್ಲಿ.

ವೇಗವೂ ಹದವಾಗಿರಬೇಕು. ಮೊಳೆ ಅತಿಯಾಗಿ ತಿರುಗಿದರೆ ಪ್ಲಾಸ್ಟಿಕ್ ಸುಟ್ಟು ಕೆಡುತ್ತದೆ. ಅವಸರದಿಂದ ಮುಂದೆ ಸಾಗಿದರೆ ಸರಿಯಾಗಿ ಬೆರೆಯದು. ಮೊಳೆಯನ್ನು ಮೇಲೆತ್ತಿದ ಕಡೆ ಒಂದು ತೂತೂ ಉಳಿಯುತ್ತದೆ. ದಪ್ಪನೆಯ ಚಪ್ಪಟೆ ಹಲಗೆಗಳಿಗೆ ಈ ವಿಧಾನ ಒಳ್ಳೆಯದು. ಪಾಲಿಥೀನ್ ಕೊಳವೆಗಳಿಗಾದರೆ, ತುದಿಗಳನ್ನು ಕಾದ ತಟ್ಟೆಗೆ ಒತ್ತಿ ಕೂಡಿಸುವ ರೂಢಿಯ ವಿಧಾನವೇ ಅನುಕೂಲ.

ಕೊನೆಯದಾಗಿ ಒಂದು ಮಾತು. ನುಣುಪಾದ ಬೆಸುಗೆಯೆಲ್ಲ ಗಟ್ಟಿ ಬೆಸುಗೆಯಲ್ಲ. ಆಮ್ಲ ತುಂಬುವ ತೊಟ್ಟಿಯ ಬೆಸುಗೆಯೊಳಗೆ ಗುಳಿಯಿದ್ದರೆ, ಅದರ ಪಕ್ಕದಲ್ಲಿ ನಿಂತು ದುಡಿಯುವವರಿಗೆ ಅಪಾಯ. ಆದ್ದರಿಂದ ಮೊದಲು ಅದೇ ಹಲಗೆಯ ತುಂಡುಗಳನ್ನು ಬೆಸೆದು, ಕತ್ತರಿಸಿ, ಬಗ್ಗಿಸಿ, ಎಳೆದು ನೋಡಿ. ಆಮೇಲೆ ತೊಟ್ಟಿಗೆ ಕೈ ಹಾಕಿ.