ಪಿನಾಕಿನಿ ಕೊರೆದ ಕಂದರ



ನೋಡತಕ್ಕ ಸ್ಥಳಗಳೆಲ್ಲ ಮಲೆನಾಡಿನಲ್ಲಿಯೋ ಹಿಮಾಲಯದಲ್ಲಿಯೋ ಇವೆ. ಮಳೆ ಕಾಣದ ನಮ್ಮ ಸೀಮೆಯಲ್ಲಿ ಬಂಡೆ, ಜಾಲಿಗಳ ಹೊರತು ಏನಿದೆ ಎಂಬ ಮಾತು ರೊಳ್ಳದಲ್ಲಿ ಆಗಾಗ ಕೇಳಿಬರುತ್ತದೆ. ಆ ಮಾತು ಸರಿಯಲ್ಲವೆಂದು ತಿಳಿಸುವುದೇ ಇಂದಿನ ನನ್ನ ಉದ್ದೇಶ.

ಅಮೆರಿಕದ ಅರಿಜೋನಾ ಎಂಬ ಒಣನಾಡಿನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರವುಂಟು. ಕೊಲೊರಾಡೊ ನದಿ ಕೊರೆದ ಆ ಕಂದರದ ಉದ್ದ ಸುಮಾರು 446 ಕಿಲೋಮೀಟರು. ಆಳ ಒಂದೂವರೆ ಕಿಲೋಮೀಟರಿಗೂ ಹೆಚ್ಚು. 1919ರಲ್ಲಿ ಆ ದೇಶದವರು ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿ ಕಾಪಾಡಿದರು. ಅಲ್ಲಿನ ಬಂಡೆಗಳ ಬಣ್ಣವನ್ನು ನೋಡಲು, ಅಂಚಿನ ಕಾಲುದಾರಿಗಳಲ್ಲಿ ನಡೆಯಲು, ಜನರು ಸಮುದ್ರ ದಾಟಿ ಬರುತ್ತಾರೆ.

ಅದರ ಕಿರಿಯ ಸೋದರಿಯೊಬ್ಬಳು ಕಡಪ ಜಿಲ್ಲೆಯ ಜಮ್ಮಲಮಡುಗಿನ ಬಳಿ, ಗಂಡಿಕೋಟೆಯಲ್ಲಿದ್ದಾಳೆ. ತೆಲುಗಿನ ‘ಗಂಡಿ’ಯೂ ನಮ್ಮ ‘ಕಂಡಿ’ಯೂ ಒಂದೇ ಬಳಗದ ಮಾತುಗಳು. ಆ ಕಂದರವನ್ನು ಕೊರೆದ ನದಿ ನಮಗೆ ಪರಕೀಯವಲ್ಲ. ನಂದಿಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು, ಹಿಂದೂಪುರಗಳ ಸೀಮೆಯಲ್ಲಿ ಹರಿದು ಬರುವ ಉತ್ತರ ಪಿನಾಕಿನಿಯೇ ಅದು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯೂ ಅದನ್ನೇ ಸೇರುತ್ತದೆ.

ವರ್ಷದ ಬಹುಭಾಗ ಮರಳನ್ನೇ ತೋರುವ ಈ ಹೊಳೆ, ಎರ್ರಮಲ ಬೆಟ್ಟವನ್ನು ಸೀಳಿದ್ದು ಹೇಗೆ? ಪ್ರವಾಹ ಬಂದಾಗ ಉರುಳುವ ಮರಳು ಮತ್ತು ಗುಂಡುಕಲ್ಲುಗಳೇ ಅದರ ಉಳಿ. ಬಂಡೆಯ ಬಿರುಕುಗಳೇ ಅದರ ದಾರಿ. ನೂರು ಕೋಟಿ ವರ್ಷಗಳಿಗೂ ಹಳೆಯದಾದ ಬೆಣಚುಕಲ್ಲಿನ ಪದರಗಳನ್ನು ನೀರು ಕಣಕಣವಾಗಿ ತೇದು, ಸುಮಾರು 300 ಅಡಿ ಆಳಕ್ಕೆ ಇಳಿದಿದೆ. ಪುಸ್ತಕವನ್ನು ಅಡ್ಡಲಾಗಿ ಪೇರಿಸಿಟ್ಟಂತೆ ಕಾಣುವ ಆ ಪದರಗಳೇ ಭೂಗೋಳದ ಪಾಠ.

ಈ ಕಂದರವನ್ನೇ ಅಗಳನ್ನಾಗಿ ಮಾಡಿಕೊಂಡು ದಂಡೆಯ ಮೇಲೆ ಕೋಟೆಯೊಂದು ನಿಂತಿದೆ. ವಿಜಯನಗರದ ಕಾಲದಲ್ಲಿ ಪೆಮ್ಮಸಾನಿ ನಾಯಕರು ಅದನ್ನಾಳಿದರು. ಬಳಿಕ ಗೋಲ್ಕೊಂಡದ ಮೀರ್ ಜುಮ್ಲಾ ಅದನ್ನು ಗೆದ್ದನು. 1652ರಲ್ಲಿ ಫ್ರೆಂಚ್ ವರ್ತಕನಾದ ತಾವೆರ್ನಿಯೆ ಅವನನ್ನು ಅಲ್ಲಿ ಕಂಡನು. ಮಾಧವರಾಯನ ಗುಡಿ, ಮಸೀದಿ, ಕಣಜ ಇಂದಿಗೂ ಅಲ್ಲಿವೆ.

ಇನ್ನೊಂದು ಮಾತನ್ನೂ ಮರೆಯಬಾರದು. ಅಲ್ಲಿನ ಗಂಡಿಕೋಟೆ ಜಲಾಶಯಕ್ಕಾಗಿ ಅನೇಕ ಗ್ರಾಮಗಳವರು ಮನೆ, ಹೊಲ, ಗುಡಿಗಳನ್ನು ಬಿಟ್ಟು ಹೋಗಬೇಕಾಯಿತು. ಬರದ ನಾಡಿನವರಾದ ನಾವು ನೀರಿನ ಬೆಲೆಯನ್ನು ಬಲ್ಲೆವು. ಆ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಬಲ್ಲವರಾಗಿರಬೇಕು. ಬರಿಯ ಚೆಲುವನ್ನು ನೋಡಿ ಹಿಂದಿರುಗಿದವನ ಪ್ರವಾಸ ಅರ್ಧವಷ್ಟೆ.

ವಿದ್ಯಾರ್ಥಿಗಳೆ, ಹೋಗುವುದಾದರೆ ಚಳಿಗಾಲದಲ್ಲಿ ಹೋಗಿರಿ. ಬೇಸಗೆಯ ಬಂಡೆ ಕಾದ ಹೆಂಚಿನಂತಿರುತ್ತದೆ. ಕುಡಿಯುವ ನೀರನ್ನು ಕೊಂಡೊಯ್ಯಿರಿ. ಅಂಚಿನಲ್ಲಿ ಎಲ್ಲೆಡೆಯೂ ತಡೆಗೋಡೆಯಿಲ್ಲ. ಭಾವಚಿತ್ರದ ಆಸೆಗೆ ತುದಿಗಲ್ಲಿನ ಮೇಲೆ ನಿಲ್ಲಬೇಡಿರಿ. ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತಬೇಡಿರಿ.

ಪೋಷಕರಲ್ಲಿ ನನ್ನದೊಂದು ವಿಜ್ಞಾಪನೆ. ಶಾಲೆಯ ಪ್ರವಾಸವೆಂದಾಗ ಗಂಡುಮಕ್ಕಳನ್ನು ಕಳುಹಿಸಿ, ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ರೂಢಿ ಇನ್ನೂ ಕೆಲವೆಡೆ ಉಂಟು. ನದಿಯ ಪಾಠ ಇಬ್ಬರಿಗೂ ಸಮಾನವಾದುದು. ತನ್ನ ನೆಲದ ಹಿರಿಮೆಯನ್ನು ಕಣ್ಣಾರೆ ಕಂಡ ಮಗು, ಎಲ್ಲಿಗೆ ಹೋದರೂ ತನ್ನದು ಬಡ ಸೀಮೆಯೆಂದು ತಲೆ ತಗ್ಗಿಸುವುದಿಲ್ಲ. ಇಬ್ಬರನ್ನೂ ಕಳುಹಿಸಿಕೊಡಿರೆಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.