ಬೆನ್ನಿನ ಭಾರ, ಹೆಗಲಿನ ಭಾರ

(ಶಿರಗುಪ್ಪಿಯ ರೈತರಿಗಾಗಿ ಉಪನ್ಯಾಸ)



ಶಿರಗುಪ್ಪಿ, ಉಗಾರ, ಕಾಗವಾಡದ ಈ ಕೃಷ್ಣಾ ತೀರದಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಟ್ರ್ಯಾಕ್ಟರುಗಳ ನಡುವೆ ಎತ್ತಿನ ಗಾಡಿಗಳೂ ಕಾರ್ಖಾನೆಯ ದಾರಿ ಹಿಡಿಯುತ್ತವೆ. ಗಟ್ಟಿ ರಸ್ತೆಯಲ್ಲಿ ಒಂದು ಜೋಡಿ ಖಿಲಾರಿ ಎತ್ತು ಟನ್ನುಗಟ್ಟಲೆ ಕಬ್ಬನ್ನು ಎಳೆದು ಸಾಗಿಸುತ್ತದೆ. ಅದೇ ಎತ್ತಿನ ಬೆನ್ನೇರಿ ಯಾರೂ ಸಂತೆಗೆ ಹೋಗುವುದಿಲ್ಲ. ಕುದುರೆಯಾದರೋ ಸವಾರನನ್ನು ಹೊತ್ತು ಓಡುತ್ತದೆ. ಎತ್ತಿಗೆ ಬಲ ಕಡಿಮೆಯೆ? ಖಂಡಿತ ಅಲ್ಲ. ಬಲ ಇರುವ ಜಾಗ ಬೇರೆ. ಯಾವ ಪ್ರಾಣಿಯ ಬಲ ಎಲ್ಲಿದೆ ಎಂಬುದನ್ನು ತಿಳಿದವನು ಅದರ ಮೈಮುರಿಯದಂತೆ ದುಡಿಸಿಕೊಳ್ಳಬಲ್ಲ. ತಿಳಿಯದವನು ಎತ್ತನ್ನೂ ಹಣವನ್ನೂ ಕಳೆದುಕೊಳ್ಳುತ್ತಾನೆ.

ಬೆನ್ನೆಂಬ ಸೇತುವೆ

ನಾಲ್ಕು ಕಾಲಿನ ಪ್ರಾಣಿಯ ಬೆನ್ನು ಒಂದು ಸೇತುವೆ ಇದ್ದಂತೆ. ಮುಂಗಾಲು, ಹಿಂಗಾಲುಗಳೇ ಅದರ ಕಂಬಗಳು. ಆದರೆ ಈ ಸೇತುವೆ ಖಾಲಿ ಇರುವುದಿಲ್ಲ. ಹೊಟ್ಟೆ, ಕರುಳುಗಳ ಭಾರವೆಲ್ಲ ಅದಕ್ಕೇ ಜೋತುಬಿದ್ದಿದೆ. ಸವಾರ ಕುಳಿತಾಗ ಅದರ ಮೇಲೆ ಇನ್ನೊಂದು ಭಾರ ಬೀಳುತ್ತದೆ.

ಇನ್ನೊಂದು ಸಂಗತಿ. ಮನುಷ್ಯನಿಗಿರುವಂತೆ ಕುದುರೆ, ಎತ್ತುಗಳಿಗೆ ಕೊರಳೆಲುಬು ಇಲ್ಲ. ಮುಂಗಾಲುಗಳು ಮೂಳೆಯಿಂದ ಎದೆಗೂಡಿಗೆ ಕೂಡಿಲ್ಲ. ತೊಟ್ಟಿಲು ಹಗ್ಗದಲ್ಲಿ ತೂಗುವಂತೆ, ಎರಡು ಹೆಗಲೆಲುಬುಗಳ ನಡುವೆ ಎದೆಗೂಡು ಸ್ನಾಯುಗಳಲ್ಲಿ ತೂಗಿಕೊಂಡಿದೆ. ಬೆನ್ನ ಮೇಲಿನ ಭಾರದ ಹೆಚ್ಚಿನ ಪಾಲು ಈ ಸ್ನಾಯುಗಳ ಮೇಲೆ ಬೀಳುತ್ತದೆ. ಸ್ನಾಯು ದಣಿದರೆ ಬೆನ್ನು ತಗ್ಗುತ್ತದೆ, ನಡಿಗೆ ಕೆಡುತ್ತದೆ.

ಕುದುರೆಗೂ ಎತ್ತಿಗೂ ಇರುವ ಅಂತರ

ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬುಗಳು. ಎತ್ತಿಗೆ 13 ಜೊತೆ. ಕುದುರೆಯ ಬೆನ್ನಿನ ಬಹುಭಾಗಕ್ಕೆ ಪಕ್ಕೆಲುಬುಗಳ ಆಸರೆ ಇದೆ. ಜೀನು ಕೂಡುವುದು ಅಲ್ಲಿಯೇ. ಅದರ ಬೆನ್ನುಹುರಿಯ ಮೂಳೆಗಳ ಸಾಲು ನಡುಭಾಗದಲ್ಲಿ ಅಷ್ಟಾಗಿ ಬಳುಕುವುದಿಲ್ಲ. ಒಳ್ಳೆಯ ಜೀನು ಬೆನ್ನುಮೂಳೆಯನ್ನು ಮುಟ್ಟದೆ, ಅದರ ಎರಡೂ ಬದಿಯ ಮಾಂಸಖಂಡಗಳ ಮೇಲೆ ತೂಕವನ್ನು ಹಂಚುತ್ತದೆ.

ಎತ್ತಿನ ಬೆನ್ನಿನ ಚರ್ಮ ಸಡಿಲ. ಮೇಲಿಟ್ಟ ಹೇರು ಅದರೊಂದಿಗೆ ಜಾರುತ್ತದೆ. ಸೊಂಟದ ಮೂಳೆಗಳು ಎದ್ದು ಕಾಣುತ್ತವೆ. ಮೇಲಾಗಿ ಎತ್ತು ಮೆಲುಕು ಹಾಕುವ ಪ್ರಾಣಿ. ಅದರ ದೊಡ್ಡ ಹೊಟ್ಟೆ ಮೇವು, ನೀರಿನಿಂದ ತುಂಬಿ ಸದಾ ಭಾರವಾಗಿರುತ್ತದೆ; ಮೆಲುಕಿಗೇ ದಿನಕ್ಕೆ ಏಳೆಂಟು ಗಂಟೆ ಬೇಕು. ಹೀಗಾಗಿ ಸವಾರನನ್ನು ಹೊತ್ತು ಓಡುವುದು ಎತ್ತಿನ ಮೈಗೆ ಒಗ್ಗಿದ್ದಲ್ಲ.

ಆದರೂ ಎತ್ತು ಹೇರು ಹೊರಲಾರದೆಂದು ತಿಳಿಯಬಾರದು. ಗಾಡಿದಾರಿ ಇಲ್ಲದ ಕಾಲದಲ್ಲಿ ಲಂಬಾಣಿಗರ ಹೇರೆತ್ತುಗಳ ಹಿಂಡುಗಳೇ ದಖ್ಖನದ ತುಂಬ ಉಪ್ಪು, ಕಾಳು ಸಾಗಿಸಿದವು. ಸೈನ್ಯಗಳಿಗೂ ದವಸ ಒದಗಿಸಿದವು. ಅವು ನಿಧಾನವಾಗಿ, ಮೇಯುತ್ತ, ತಂಗುತ್ತ ಸಾಗುತ್ತಿದ್ದವು. ಒಂಟೆಯೂ ಮೆಲುಕು ಹಾಕುತ್ತದೆ, ಆದರೂ ಭಾರ ಹೊರುತ್ತದೆ. ಹೊರುವುದು ಒಂದು, ಹೊತ್ತು ಓಡುವುದು ಇನ್ನೊಂದು.

ಎಮ್ಮೆಯ ಬೆನ್ನು ಅಗಲವಾದುದು. ದನಕಾಯುವ ಹುಡುಗ ಅದರ ಮೇಲೆ ಕುಳಿತು ಹೊಳೆಗೆ ಹೋಗುವುದನ್ನು ಎಲ್ಲರೂ ಬಲ್ಲರು. ಆದರೆ ಎಮ್ಮೆ, ಕೋಣಗಳ ಚರ್ಮ ಕಪ್ಪು, ಬೆವರುಗ್ರಂಥಿಗಳು ಕಡಿಮೆ. ಬಿಸಿಲಿನಲ್ಲಿ ಬೇಗ ಕಾಯುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಕೋಣನ ಸೋಮಾರಿತನಕ್ಕಿಂತ ಅದರ ಮೈಯ ಕಾವೇ ಕಾಣುತ್ತದೆ.

ದೊಡ್ಡ ಪ್ರಾಣಿಗೆ ದೊಡ್ಡ ಭಾರವೆ?

ಸವಾರಿ ಕುದುರೆಗೆ ಅದರ ಮೈತೂಕದ ಐದನೆಯ ಒಂದು ಪಾಲು ಭಾರ ಸಾಕೆಂಬುದು ವಾಡಿಕೆಯ ಲೆಕ್ಕ. ಜೀನು ಸೇರಿ 70 ಕಿಲೋ ತೂಗುವ ಸವಾರನಿಗೆ 350 ಕಿಲೋ ತೂಕದ ಕುದುರೆ ಬೇಕಾಯಿತು. ಆಡು, ಕುರಿಗಳು ಆಳನ್ನು ಹೊರಲಾರವೇಕೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಹಾಗೆಂದು ಪ್ರಾಣಿ ದೊಡ್ಡದಾದಷ್ಟೂ ಹೊರುವ ಪಾಲು ಹೆಚ್ಚುವುದಿಲ್ಲ. ಮೈಯ ಉದ್ದ, ಅಗಲ, ಎತ್ತರಗಳು ಇಮ್ಮಡಿಯಾದರೆ ತೂಕ ಎಂಟು ಪಟ್ಟಾಗುತ್ತದೆ. ಮೂಳೆಯ ಅಡ್ಡಗಾತ್ರ ಮಾತ್ರ ನಾಲ್ಕೇ ಪಟ್ಟು. ಮೈಸೂರು ದಸರೆಯ ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು ಹೊರುವ ಆನೆ ಐದು ಸಾವಿರ ಕಿಲೋ ಆಸುಪಾಸಿನದು. ಅಂದರೆ ನೂರಕ್ಕೆ ಹದಿನೈದರಷ್ಟೇ ಭಾರ. ಚಿಕ್ಕ ಕತ್ತೆಯಾದರೋ ತನ್ನ ಗಾತ್ರಕ್ಕೆ ಹೋಲಿಸಿದರೆ ಇದಕ್ಕಿಂತ ಹೆಚ್ಚಿನ ಪಾಲನ್ನು ಹೊರುತ್ತದೆ.

ಮೈಕಟ್ಟಿನೊಂದಿಗೆ ಸ್ವಭಾವವೂ ಕೂಡಬೇಕು. ಆಫ್ರಿಕದ ಜೀಬ್ರಾ ಕುದುರೆಯ ಬಳಗದ್ದೇ ಆದರೂ ಬೆದರುವ, ಕಚ್ಚುವ ಗುಣದಿಂದಾಗಿ ಕುದುರೆಯಂತೆ ಮನುಷ್ಯನ ಸಾಕುಪ್ರಾಣಿ ಆಗಲಿಲ್ಲ.

ಚಕ್ರದ ಉಪಕಾರ

ಎತ್ತಿನ ನಿಜವಾದ ಬಲ ಇರುವುದು ಕೊರಳು, ಹೆಗಲುಗಳಲ್ಲಿ. ಹಿಣಿಲಿನ ಮುಂದೆ ನೊಗಕ್ಕೆ ಒಳ್ಳೆಯ ಆಸರೆ ಸಿಗುತ್ತದೆ. ಭಾರವನ್ನು ಚಕ್ರಗಳು ನೆಲಕ್ಕೆ ಇಳಿಸುತ್ತವೆ. ಎತ್ತು ಅದನ್ನು ಮುಂದಕ್ಕೆ ಎಳೆದರಾಯಿತು.

ಈ ಅಂತರವನ್ನು ಕಾನೂನೂ ಒಪ್ಪಿದೆ. ಭಾರತ ಸರಕಾರ 1965ರಲ್ಲಿ ಮಾಡಿದ, ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ಹಿಂಸೆ ತಡೆಯುವ ನಿಯಮಗಳ ಪ್ರಕಾರ 350 ಕಿಲೋ ಮೀರಿದ ದೊಡ್ಡ ಎತ್ತಿನ ಬೆನ್ನ ಮೇಲೆ 175 ಕಿಲೋಗಿಂತ ಹೆಚ್ಚು ಹೇರಬಾರದು. ಅದೇ ಎತ್ತು ಗಾಳಿ ಟಾಯರಿನ ಎರಡು ಗಾಲಿಯ ಗಾಡಿಯಲ್ಲಿ 1,350 ಕಿಲೋ ಎಳೆಯಬಹುದು. 200ರಿಂದ 350 ಕಿಲೋ ತೂಗುವ ನಡುಗಾತ್ರದ ಎತ್ತಿಗೆ ಬೆನ್ನ ಮೇಲೆ 150, ಟಾಯರ್ ಗಾಡಿಯಲ್ಲಿ 1,050 ಕಿಲೋ. ಟಾಯರ್ ಇಲ್ಲದ ಗಾಡಿಯಾದರೆ ದೊಡ್ಡದಕ್ಕೆ 900, ನಡುಗಾತ್ರದ್ದಕ್ಕೆ 700. ಜೋಡೆತ್ತಿಗೆ ಇದರ ಇಮ್ಮಡಿ. ಗಾಡಿಯ ತೂಕವೂ ಇದರಲ್ಲಿಯೇ ಸೇರಿತು ಎಂಬುದನ್ನು ಮರೆಯಬಾರದು.

ಎತ್ತಿನ ತೂಕ ತಿಳಿಯಲು ತಕ್ಕಡಿಯೇ ಬೇಕೆಂದಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚುಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಸುಮಾರಾಗಿ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 67, ಉದ್ದ 55 ಇಂಚು ಇದ್ದರೆ ಎತ್ತಿನ ತೂಕ ಸುಮಾರು 374 ಕಿಲೋ.

ಹೇರುವಾಗ ಎಚ್ಚರ

ಗಾಡಿಯ ಒಟ್ಟು ತೂಕ ಮಿತಿಯಲ್ಲಿದ್ದರೂ ಎತ್ತಿನ ಹೆಗಲು ಕೆಡಬಹುದು. ತೂಕ ಎಲ್ಲಿ ಬಿದ್ದಿದೆ ಎಂಬುದೇ ಮುಖ್ಯ. ಅಚ್ಚಿನಿಂದ ನೊಗಕ್ಕೆ 10 ಅಡಿ, ಕಬ್ಬು 2,000 ಕಿಲೋ ಎಂದಿಟ್ಟುಕೊಳ್ಳೋಣ. ಕಬ್ಬಿನ ತೂಕದ ನಡು ಅಚ್ಚಿಗಿಂತ 3 ಇಂಚು ಮುಂದಿದ್ದರೆ ನೊಗದ ಮೇಲೆ 50 ಕಿಲೋ ಬೀಳುತ್ತದೆ, ಅಂದರೆ ಒಂದೊಂದು ಎತ್ತಿಗೆ 25. ಅದೇ ಒಂದು ಅಡಿ ಮುಂದಿದ್ದರೆ ನೊಗದ ಮೇಲೆ 200 ಕಿಲೋ! ಎಳೆಯುವ ಎತ್ತನ್ನು ಹೊರುವ ಎತ್ತನ್ನಾಗಿ ಮಾಡಿದಂತಾಯಿತು. ಅದೂ ಬೆನ್ನಿನ ಮೇಲಲ್ಲ, ಕೊರಳಿನ ಮೇಲೆ. ಹೇರು ತೀರ ಹಿಂದಾದರೆ ನೊಗ ಮೇಲೆದ್ದು ಕೊರಳ ಹಗ್ಗ ಗಂಟಲನ್ನು ಒತ್ತುತ್ತದೆ. ಎತ್ತರಕ್ಕೆ ಹೇರಿದ ಕಬ್ಬಿನ ತೂಕ ಇಳಿಜಾರಿನಲ್ಲಿ ಮುಂದಕ್ಕೂ ಏರಿನಲ್ಲಿ ಹಿಂದಕ್ಕೂ ವಾಲುತ್ತದೆ.

ಆದುದರಿಂದ ರೈತರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ಹೇರಿದ ಮೇಲೆ, ಗಾಡಿ ಸಮನೆಲದಲ್ಲಿರುವಾಗ, ನೊಗವನ್ನು ಎತ್ತಿ ನೋಡಬೇಕು. ಅದು ಹಗುರಾಗಿ ಕೆಳಗೆ ಕೂಡುವಂತಿರಬೇಕು. ಇಬ್ಬರು ಸೇರಿದರೂ ಏಳದಿದ್ದರೆ ಕಬ್ಬನ್ನು ಹಿಂದಕ್ಕೆ ಸರಿಸಬೇಕು.

2. ಗಾಡಿ ಹೊಡೆಯುವವನು ಮೂಕಿಯ ಮೇಲೆ ಕೂಡಬಾರದು. ಅಚ್ಚಿನಿಂದ 4 ಅಡಿ ಮುಂದೆ ಕುಳಿತ 60 ಕಿಲೋದ ಆಳು ನೊಗಕ್ಕೆ 24 ಕಿಲೋ ಕೂಡಿಸುತ್ತಾನೆ.

3. ಎತ್ತರದಲ್ಲಿ, ನಡಿಗೆಯಲ್ಲಿ ಸರಿಸಮನಾದ ಎತ್ತುಗಳನ್ನೇ ಜೋಡಿಸಬೇಕು. ನೊಗ ನುಣುಪಾಗಿ, ಅಗಲವಾಗಿ ಇರಬೇಕು.

4. ದಿನಕ್ಕೆ ಒಟ್ಟು 9 ಗಂಟೆ, ಒಂದೇ ಸಮನೆ 5 ಗಂಟೆ ಮೀರಿ ದುಡಿಸಬಾರದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರಿದ ಊರಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು ಹೂಡಬಾರದು. ಇವೂ ಅದೇ ನಿಯಮಗಳಲ್ಲಿ ಇವೆ.

5. ಕೊರಳು ಬಿಟ್ಟ ಕೂಡಲೆ ಹೆಗಲನ್ನು ಕೈಯಿಂದ ಮುಟ್ಟಿ ನೋಡಬೇಕು. ಬಿಸಿ, ಬಾವು, ನೋವು ಕಂಡರೆ ಮಾಯುವವರೆಗೂ ನೊಗ ಹೂಡದೆ ಪಶುವೈದ್ಯರಿಗೆ ತೋರಿಸಬೇಕು. ಸುಟ್ಟ ಇಂಜಿನ್ ಎಣ್ಣೆ ಹಚ್ಚಬಾರದು.

ಒಂದು ಖೇಪಿನಲ್ಲಿ ಹೆಚ್ಚು ಹೇರಿ ಗಳಿಸಿದ್ದು, ಹೆಗಲು ಬಾವು ಬಂದು ಎತ್ತು ಹಂಗಾಮಿನ ನಡುವೆ ಗೋದಲಿಯಲ್ಲಿ ನಿಂತಾಗ ಕರಗಿ ಹೋಗುತ್ತದೆ. ಕಾರ ಹುಣ್ಣಿಮೆಯ ದಿನ ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುವ ಎತ್ತಿಗೆ, ದಿನನಿತ್ಯ ಹೇರು ಸರಿಯಾಗಿ ಇಟ್ಟುಕೊಡುವುದೂ ಪೂಜೆಯೇ.