ಹಿಡಿಜೋಳದ ಗಡಿಗೆ



ಲಿಂಗೈಕ್ಯಳಾದ ಈ ತಾಯಿಯನ್ನು ಊರೆಲ್ಲ ಅಜ್ಜಿ ಎಂದೇ ಕರೆಯಿತು. ಮಕ್ಕಳು ಹಾವೇರಿ, ರಾಣೆಬೆನ್ನೂರು ಸೇರಿದರೂ ಆಕೆ ಬ್ಯಾಡಗಿ ಬಿಡಲಿಲ್ಲ. ಮೆಣಸಿನಕಾಯಿ ತುಂಬು ಬಿಡಿಸುವುದೇ ಆಕೆಯ ಕಾಯಕ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಹಗಲೆಲ್ಲ ಬಿಡಿಸಿದ ಬೆರಳುಗಳನ್ನು ಕೇಳಬೇಕು! ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಪೂಜೆಗೆ ಕೂಡುತ್ತಿದ್ದಳು. “ಉರಿಯುವ ಕೈಯೊಳಗ ಲಿಂಗ ಹೆಂಗ ಹಿಡೀತಿ ಯವ್ವಾ?” ಎಂದು ನಾವೊಮ್ಮೆ ಕೇಳಿದೆವು. “ಲಿಂಗ ತಣ್ಣಗ ಐತ್ರಿ ಅಪ್ಪಾರ” ಎಂದಳು.

ದಾಸೋಹಕ್ಕೆಂದು ದಿನಕ್ಕೊಂದು ಹಿಡಿ ಜೋಳ ಗಡಿಗೆಗೆ ಬೀಳುತ್ತಿತ್ತು. 1972ರ ಬರದಲ್ಲಿ, ಆಗಿನ್ನೂ ಮನೆಯಲ್ಲಿದ್ದ ಮಗ, “ಈ ವರ್ಷ ಬ್ಯಾಡ ಬಿಡವ್ವಾ” ಎಂದ. “ನನ್ನ ಪಾಲಿನ ಒಂದು ರೊಟ್ಟಿ ಕಡಿಮಿ ಮಾಡ್ರಿ” ಎಂದಳಂತೆ. ಹಿಡಿ ನಿಲ್ಲಲಿಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ತೆರೆದ ಪ್ರಸಾದನಿಲಯ ಬಡಮಕ್ಕಳಿಗೆ ಅನ್ನವಿಟ್ಟು ಓದಿಸಿದ್ದು ಇಂಥ ಮನೆಗಳ ಕಾಳಿನ ಬಲದಿಂದಲೇ.

ಗಣಾರಾಧನೆಯನ್ನು ದೊಡ್ಡದಾಗಿ ಮಾಡಬೇಕೆಂದು ಮೊಮ್ಮಕ್ಕಳು ಬಂದು ಕೇಳಿದರು. ಮಾಡಲಿ. ಆದರೆ ಆಕೆ ಹೋದಂದಿನಿಂದ ಆ ಗಡಿಗೆ ಒಲೆಯ ಬದಿಯಲ್ಲಿ ಬರಿದಾಗಿ ಕುಳಿತಿದೆಯೆಂದು ಕೇಳಿದ್ದೇವೆ. ಅದನ್ನು ಯಾರ ಮನೆಗೆ ಒಯ್ಯುತ್ತೀರಿ? ನಾಳೆ ಮುಂಜಾನೆಯ ಹಿಡಿ ಯಾರದು? ಪ್ರಸಾದಕ್ಕೆ ಏಳುವ ಮೊದಲು ನಮಗೆ ಹೇಳಿರಿ.